ಬೀರಿನ ಲೆಕ್ಕ, ಫ್ಯಾಟಿನ ಲೆಕ್ಕ

(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆ ಹೇಳಬೇಕಾದ ದನದ ಡಾಕ್ಟರು ಕುಡಿತದ ಮಾತು ಯಾಕೆ ಎತ್ತಿದರು ಎನ್ನಬೇಡಿ. ಬೆಳಗಿನ ಜಾವ ಹಾಲು ಕರೆಯುವವರು, ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಡೇರಿಗೆ ಬರುವವರು ನಮ್ಮ ಹುಡುಗರೇ ತಾನೆ?

ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಸಾರಾಯಿ ಕುಡಿಯುತ್ತಿದ್ದ ಹಿರಿಯರನ್ನು ಕುಡುಕರು ಎನ್ನುವ ಹುಡುಗ, ತನ್ನ ಕೈಲಿರುವ ಬಾಟಲಿಯನ್ನು ಕುಡಿತವೆಂದು ಎಣಿಸುವುದೇ ಇಲ್ಲ. "ಬರೀ ಬೀರು ಸಾರ್" ಎನ್ನುತ್ತಾನೆ. (ಹಿರಿಯರು ನಗಬೇಡಿ. ಬಟವಾಡೆಯ ಸಂಜೆ ಮಗನನ್ನೇ ಅಂಗಡಿಗೆ ಕಳಿಸುವ ಅಪ್ಪಂದಿರೂ ಇದ್ದೀರಿ.)

ಈ 'ಬರೀ'ಯನ್ನು ಲೆಕ್ಕ ಹಾಕೋಣ. ಡೇರಿಯಲ್ಲಿ ನೀವು ಲೀಟರು ಮಾತ್ರ ನೋಡುವುದಿಲ್ಲ, ಫ್ಯಾಟು ಎಷ್ಟು ಬಂತು ಎಂದು ಕೇಳುತ್ತೀರಿ. ಇಲ್ಲಿಯೂ ಹಾಗೆಯೇ. ವಿಸ್ಕಿ, ಬ್ರಾಂದಿಯಲ್ಲಿ ಮದ್ಯಸಾರ ಸುಮಾರು ಶೇ. 43, 30 ಮಿ.ಲೀ. ಪೆಗ್ಗಿನಲ್ಲಿ 13 ಮಿ.ಲೀ. ಸ್ಟ್ರಾಂಗ್ ಬೀರಿನಲ್ಲಿ ಶೇ. 8ರವರೆಗೆ ಇರುತ್ತದೆ. 650 ಮಿ.ಲೀ. ಬಾಟಲಿಗೆ 52 ಮಿ.ಲೀ. ಆಯಿತು, ಅಂದರೆ ನಾಲ್ಕು ಪೆಗ್ಗು! ಮೂರು ಬಾಟಲಿ ಮುಗಿಸಿದವನು ಹನ್ನೆರಡು ಪೆಗ್ಗು ಹಾಕಿದಂತೆ.

ಇದನ್ನು ಕರಗಿಸಬೇಕಾದ ಯಕೃತ್ತು ಗಂಟೆಗೆ ಹೆಚ್ಚೆಂದರೆ ಒಂದು ಪೆಗ್ಗಿನಷ್ಟನ್ನು ಕರಗಿಸೀತು. ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ಜಾತ್ರೆಯ ರಾತ್ರಿ ಎಂಟರಿಂದ ಹತ್ತರವರೆಗೆ ಮೂರು ಬಾಟಲಿ ಕುಡಿದು, ಬೆಳಿಗ್ಗೆ ಆರಕ್ಕೆ ಕ್ಯಾನು ಹೇರಿ ಹೊರಟವನ ರಕ್ತದಲ್ಲಿ ಮದ್ಯ ಇನ್ನೂ ಇರುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ಕಾನೂನಿನ ಪ್ರಕಾರ ಅಪರಾಧ. ನಿದ್ದೆ ಮಾಡಿ ಎದ್ದಿದ್ದೇನೆ ಎಂದರೆ ಪೊಲೀಸರ ಯಂತ್ರ ಒಪ್ಪುವುದಿಲ್ಲ, ಎದುರಿಗೆ ಬರುವ ಲಾರಿಯೂ ಒಪ್ಪುವುದಿಲ್ಲ. ಕೊಟ್ಟಿಗೆಯಲ್ಲಿ ಹಸುವೂ ಅಷ್ಟೇ. ಒರಟು ಕೈಗೆ, ಗದರುವ ದನಿಗೆ ಬೆದರಿದರೆ ಹಾಲು ಇಳಿಸುವುದಿಲ್ಲ.

ತಾಯಂದಿರಿಗೆ ಒಂದು ಮಾತು. ಮಗ ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುತ್ತಿದ್ದರೆ, ದೇವರ ಮುಂದೆ ಆಣೆ ಮಾಡಿಸಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಜೀವಕ್ಕೂ ಅಪಾಯ. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಸಂಖ್ಯೆ 14416. ಕಾರ್ಯದರ್ಶಿಗಳು ಇದನ್ನು ದರಪಟ್ಟಿಯ ಪಕ್ಕದಲ್ಲಿ ಬರೆಸಿ ಹಾಕಬೇಕೆಂದು ಕೋರುತ್ತೇನೆ.