ಬಸ್ಸಿನ ದಾರಿ ಯಾರದು?

(ಅಬಲೂರಿನಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)

ಗೆಳೆಯರೆ,

ಸರ್ವಜ್ಞನ ಊರು ಅಂತ ಹೆಸರಾದ ಅಬಲೂರಲ್ಲಿ ಸೇರಿದ್ದೇವೆ. ಸರ್ವಜ್ಞ ಊರೂರು ತಿರುಗಿದ ಅಂತಾರೆ. ಆತ ತನ್ನ ಮನಸ್ಸಿನಿಂದ ನಡೆದ. ನಮ್ಮ ಅಪ್ಪ ಅವ್ವ ನಡೆದದ್ದು ಬಸ್ಸು ಇಲ್ಲದ್ದಕ್ಕೆ, ಇದ್ದರೂ ಕೈಯಲ್ಲಿ ಚಿಲ್ಲರೆ ಇಲ್ಲದ್ದಕ್ಕೆ. ನಾವು ಕಾಲೇಜಿಗೆ ಹೋಗುವಾಗ ಮುಂಜಾನೆಯ ಬಸ್ಸು ಕೇರಿಯ ಮುಂದೆ ನಿಲ್ಲದೆ ಹೋದದ್ದು ಎಷ್ಟು ಸಲ! ತಿರುಗಿ ಮನೆಗೆ ಬಂದರೆ ಅವ್ವ ಕೇಳೋಳು: “ಇವತ್ತೂ ನಿಂದ್ರಲಿಲ್ಲೇನಪಾ?” ಬಸ್ಸು ತಪ್ಪಿದರೆ ಪಾಠ ತಪ್ಪಿತು, ಹಾಜರಿ ತಪ್ಪಿತು. ಇದು ಬರೀ ಪ್ರಯಾಣದ ಮಾತಲ್ಲ.

ಈಗ ಬೆಂಗಳೂರಿನ ಒಂದು ಸಂಗತಿ ಕೇಳಿ. 2019ರ ಕೊನೆಯ ತಿಂಗಳುಗಳಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಒಂದು ದಾರಿ ಬಿಟ್ಟರು. ಕಾರುಗಳು ನುಗ್ಗದ ಹಾಗೆ ಗಿಡ್ಡ ಕಂಬ ನೆಟ್ಟರು. ‘ನಿಂಬಸ್’ ಅಂತ ಹೆಸರು. ಕನ್ನಡದಲ್ಲಿ ಓದಿದರೆ ನಿಮ್ಮ ಬಸ್ಸು!

ಆ ರಸ್ತೆಯ ಉದ್ದಕ್ಕೂ ಕಂಪ್ಯೂಟರ್ ಕಂಪನಿಗಳು. ಕಂಪನಿ ಅಂದರೆ ಕುರ್ಚಿಯ ಮೇಲೆ ಕೂತವರಷ್ಟೇ ಅಲ್ಲ. ಕಕ್ಕಸು ತೊಳೆಯುವವರು, ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವವರು, ಗೇಟು ಕಾಯುವವರೂ ಅದೇ ದಾರಿಯಲ್ಲಿ ಬರಬೇಕು. ಕಾರುಗಳು ಸಾಲುಗಟ್ಟಿ ನಿಂತಾಗ ಬಸ್ಸು ಪಕ್ಕದಲ್ಲಿ ಮುಂದೆ ಹೋಯಿತು. ಐವತ್ತು ಜನರ ಗಾಡಿ ಒಬ್ಬನ ಗಾಡಿಗಿಂತ ಮುಂದೆ. ಪ್ರಜಾಪ್ರಭುತ್ವದ ಲೆಕ್ಕ ಇಷ್ಟೇ ಅಲ್ಲವೆ?

ಹೆಚ್ಚು ದಿನ ನಡೆಯಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕೆಲಸ ಶುರುವಾಗಿ ಬಸ್ಸಿನ ದಾರಿ ಅಳಿಸಿಹೋಯಿತು. ಮೆಟ್ರೋ ಬೇಡ ಅಂತ ನಾವು ಹೇಳುವುದಿಲ್ಲ. ರಸ್ತೆ ಇಕ್ಕಟ್ಟಾದಾಗ ಮೊದಲು ಸರಿಯಬೇಕಾದವರು ಯಾರು ಅಂತ ಕೇಳುತ್ತೇವೆ. ಊರ ಹಾದಿಯಲ್ಲಿ ಒಡೆಯರು ಎದುರಾದರೆ ಪಕ್ಕಕ್ಕೆ ಸರಿದು ನಿಂತ ಹಿರಿಯರ ಮಕ್ಕಳು ನಾವು. ಈ ಪ್ರಶ್ನೆ ನಮಗೆ ಹೊಸದಲ್ಲ.

ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಿಳಿಯನಿಗೆ ಸೀಟು ಬಿಡಲಿಲ್ಲ. ಅಲ್ಲಿನ ಕಪ್ಪುಜನ 381 ದಿನ ಬಸ್ಸು ಹತ್ತದೆ ನಡೆದರು, ಗೆದ್ದರು. ಅದೇ 1955ರಲ್ಲಿ ನಮ್ಮಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು. ಅಸ್ಪೃಶ್ಯತೆಯ ನೆಪದಲ್ಲಿ ಸಾರ್ವಜನಿಕ ವಾಹನ ಹತ್ತದಂತೆ ತಡೆಯುವುದು ಅಪರಾಧವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಅವ್ವ, ಅಕ್ಕಂದಿರ ಟಿಕೆಟ್ಟಿನ ಚಿಂತೆಯೂ ತಪ್ಪಿತು. ಸರಿ. ಕಾನೂನು ಬಸ್ಸಿನ ಬಾಗಿಲು ತೆರೆಯಿತು. ಆದರೆ ಬಸ್ಸೇ ನಿಲ್ಲದಿದ್ದರೆ ಬಾಗಿಲು ಎಲ್ಲಿ?

ಗೆಳೆಯರೆ, ಬೈದುಕೊಂಡು ಕೂತರೆ ಆಗದು. ನಾಳೆಯಿಂದ ಒಂದು ತಿಂಗಳು ನೋಟ್‌ಬುಕ್ ಹಿಡಿಯೋಣ. ಯಾವ ಬಸ್ಸು, ಎಷ್ಟು ಗಂಟೆಗೆ ಬಂತು, ನಿಂತಿತೋ ಇಲ್ಲವೋ, ಎಷ್ಟು ಮಂದಿ ಉಳಿದರು, ಎಲ್ಲ ಬರೆಯೋಣ. ಎಲ್ಲರೂ ಸಹಿ ಹಾಕಿ ಡಿಪೋಗೆ ಕೊಡೋಣ, ಸ್ವೀಕೃತಿ ತೆಗೆದುಕೊಳ್ಳೋಣ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತೆ. ಅಕ್ಷರ ಕಲಿತದ್ದು ಪರೀಕ್ಷೆಗೆ ಮಾತ್ರ ಅಲ್ಲ.

ಜೈ ಭೀಮ್.