ಬೈಗುಳಕ್ಕೆ ಹಾಕುವ ಕತ್ತರಿ ಯಾರ ಕೈಯಲ್ಲಿರಬೇಕು?
(ಯಾದಗಿರಿಯ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಟೆಲಿವಿಷನ್ನಿನಲ್ಲಿ ಹೊಲಸು ಮಾತು ಹೆಚ್ಚಿತೆಂಬ ದೂರು ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಕೇಳಿಬರುತ್ತಿದೆ. ದೂರು ನ್ಯಾಯವಾದದ್ದೇ. ದಿನವಿಡೀ ಮಿಲ್ಲಿನ ಧೂಳು ಕುಡಿದು, ಇಲ್ಲವೆ ತಕ್ಕಡಿ ಹಿಡಿದು ದಣಿದು ಬಂದವನು ಮಕ್ಕಳೆದುರಿಗೆ ತಾಯಿ-ತಂಗಿಯರ ಮೇಲಿನ ಬೈಗುಳ ಕೇಳಬೇಕಾಗಿಲ್ಲ. ಮೇಲೆ 'ಕೀಂ' ಎಂಬ ಸದ್ದು ಹಾಕಿದರೆ ಪ್ರಯೋಜನವೇನು? ತುಟಿ ನೋಡಿದ ಹುಡುಗ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ.

ಆದರೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಟ್ಟು ಚಾನೆಲ್ ಬಂದ್ ಮಾಡಿಸೋಣ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ. 1995ರ ಕೇಬಲ್ ಟೆಲಿವಿಷನ್ ಕಾಯಿದೆಯ 19ನೆಯ ಕಲಮು ಅವರಿಗೆ ಪ್ರಸಾರ ತಡೆಯುವ ಅಧಿಕಾರ ಕೊಟ್ಟಿದೆ, ನಿಜ. ಸದಭಿರುಚಿಗೆ ಧಕ್ಕೆ ತರುವುದು ಕೂಡದೆಂದು ಅದರ ನಿಯಮವೂ ಹೇಳುತ್ತದೆ. ಅಭಿರುಚಿ ಯಾರದು? ಇಂದು ಬೈಗುಳ ತಡೆದ ಕೈ ನಾಳೆ ಕೂಲಿ ಕೇಳುವವರ ಘೋಷಣೆಯನ್ನೂ ತಡೆದೀತು.

ಇದು ಬರಿಯ ಊಹೆಯಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ನಮ್ಮ ಮೂರು ತಾಲ್ಲೂಕುಗಳು ಆಗ ಸೇರಿದ್ದ ಗುಲ್ಬರ್ಗಾ ಜಿಲ್ಲೆಯೂ ಅದರಲ್ಲಿತ್ತು. ಪೆಟ್ಟಿಗೆ ಬೇಸಾಯ, ಆರೋಗ್ಯಗಳ ಪಾಠವನ್ನು ಶುದ್ಧ ನಾಲಿಗೆಯಲ್ಲಿ ಹೇಳಿತು. ಆದರೆ ಅದು ತುರ್ತು ಪರಿಸ್ಥಿತಿಯ ಕಾಲ. ನಮ್ಮ ಸಮಾಜವಾದಿ ಬಳಗದ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಪತ್ರಿಕೆಗಳ ಮೇಲೆ ಸೆನ್ಸಾರು ಕೂತಿತ್ತು. ಇಂಥ ಸುದ್ದಿ ಹೇಳುವ ಬಾಯಿ ಸರಕಾರದ ಆ ಪೆಟ್ಟಿಗೆಗೂ ಇರಲಿಲ್ಲ.

ಹಾಗಾದರೆ ಕೈಕಟ್ಟಿ ಕೂಡಬೇಕೇ? ಬೇಡ. 2021ರ ನಿಯಮದಂತೆ ನೋಡುವವರು ಚಾನೆಲ್ಲಿಗೇ ದೂರು ಬರೆಯಬಹುದು. ಅದು 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಪ್ರಸಾರಕರದೇ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿಯುಂಟು. ಮೂರನೆಯ ಮೆಟ್ಟಿಲು ಕೇಂದ್ರ ಸರಕಾರದ್ದು. ಅದನ್ನು ಹತ್ತುವ ಮುನ್ನ ಯೋಚಿಸಿರಿ. ಕಾರ್ಯಕ್ರಮದ ಹೆಸರು, ತಾರೀಖು, ಹೊತ್ತು ಬರೆದುಕೊಂಡು ಹತ್ತು ಮನೆಯವರು ಕೂಡಿ ಸಹಿ ಮಾಡಿರಿ.

ಇನ್ನೊಂದು ಮಾತು. ಗೋದಾಮಿನಲ್ಲಿ ಹಮಾಲನ ಜಾತಿ ಎತ್ತಿ ಬೈಯುವ ಬಾಯಿಗೆ ಯಾರೂ 'ಕೀಂ' ಹಾಕುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಹಾಗೆ ಬೈಯುವುದು 1989ರ ದೌರ್ಜನ್ಯ ತಡೆ ಕಾಯಿದೆಯಂತೆ ಅಪರಾಧ. ಪರದೆಯ ಬೈಗುಳಕ್ಕೆ ಮುಖ ಸಿಂಡರಿಸುವ ನಾವು, ಆ ಹಮಾಲ ಠಾಣೆಗೆ ಹೊರಟ ದಿನ ಸಾಕ್ಷಿ ಹೇಳಲು ಅವನ ಜೊತೆಗೆ ಹೋಗೋಣ.