ಸೈನಿಕನ ನೆನಪು ಮತ್ತು ಆತನ ಮನೆ

(ಚನ್ನಪಟ್ಟಣದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಯುದ್ಧ ಕಂಡ ಹಿರಿಯರನ್ನು ನೆನೆಯುವುದಕ್ಕಾಗಿ ನಾವಿಲ್ಲಿ ಸೇರಿದ್ದೇವೆ. ನಾವು ಕುಳಿತಿರುವ ಈ ನಾಡಿಗೆ ಯುದ್ಧ ಹೊಸದೇನಲ್ಲ. 1759ರಲ್ಲಿ ಇದೇ ಚನ್ನಪಟ್ಟಣಕ್ಕಾಗಿ ಮರಾಠರೊಡನೆ ನಡೆದ ಹೋರಾಟ ಹೈದರಲಿಯವರ ಹೆಸರನ್ನು ಮೈಸೂರು ಸಂಸ್ಥಾನದಲ್ಲಿ ಮೇಲಕ್ಕೆತ್ತಿತು. 1791ರ ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ ಕಾರ್ನ್‌ವಾಲಿಸನ ಸೇನೆಯ ವಶವಾಯಿತು. ಅದರ ಬೆನ್ನಿಗೇ ರಾಮಗಿರಿಯೂ ಕೈತಪ್ಪಿತು. ಅಂದಿನ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರವನ್ನು, ಶ್ರೀರಂಗಪಟ್ಟಣಕ್ಕೆ ನುಗ್ಗುವ ಶತ್ರುವಿಗೆ ಅಲ್ಲಿ ಕಾಳು, ಹುಲ್ಲು, ಆಸರೆ ಸಿಗಬಾರದೆಂದು ಟಿಪ್ಪು ಸುಲ್ತಾನರೇ ಹಾಳುಗೆಡವಿಸಬೇಕಾಯಿತು. ನಾವು ಇಂದು ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಓಡಾಡುವ ಊರುಗಳಿವು. ಇವುಗಳಲ್ಲಿ ಎಷ್ಟು ಮನೆಗಳು ಯಜಮಾನನಿಲ್ಲದೆ ಉಳಿದವೋ ಅದನ್ನು ಯಾವ ಇತಿಹಾಸಕಾರನೂ ಲೆಕ್ಕವಿಟ್ಟಿಲ್ಲ.

ಈ ಊರಿನ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು, ಟಿಪ್ಪು ಸುಲ್ತಾನರ ಧಾರ್ಮಿಕ ಗುರುಗಳಾಗಿದ್ದ ಹಝ್ರತ್ ಅಕಿಲ್ ಶಾ ಖಾದ್ರಿಯವರದು. ಅಲ್ಲಿಗೆ ಹೋಗದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಇನ್ನೊಂದು, ಬೆಂಗಳೂರು ಕೋಟೆಯ ದಂಡನಾಯಕರಾಗಿದ್ದ ಸೈಯದ್ ಇಬ್ರಾಹೀಮರದು. ಅವರ ಬಗ್ಗೆ ಹಳೆಯ ಮೈಸೂರು ಗೆಜೆಟಿಯರು ಹೇಳುವುದು ಬಹಳ ಸ್ವಲ್ಪ. ಆದರೆ ಆ ಸ್ವಲ್ಪದಲ್ಲಿಯೇ ಒಂದು ಸಂಗತಿಯಿದೆ. ಅವರು ಎಷ್ಟು ಜನರನ್ನು ಕೊಂದರು, ಯಾವ ಕೋಟೆಯನ್ನು ಗೆದ್ದರು ಎಂಬುದು ಅಲ್ಲಿಲ್ಲ. ತಮ್ಮ ಕೈಗೆ ಬಂದ ಯುದ್ಧ ಕೈದಿಗಳನ್ನು ಮಾನವೀಯತೆಯಿಂದ ನಡೆಸಿಕೊಂಡವರು ಎಂಬ ಕಾರಣಕ್ಕೆ ಅವರ ಹೆಸರು ದಾಖಲಾಗಿದೆ. ದಾಖಲಿಸಿದವರು ಯಾರು? ಅವರ ವಿರುದ್ಧ ಹೋರಾಡಿದ ಇಂಗ್ಲಿಷರ ಕಡೆಯವರು! ಟಿಪ್ಪುವಿನ ಆಡಳಿತದ ಬಗ್ಗೆ ಒಂದು ಒಳ್ಳೆಯ ಮಾತನ್ನಾಡಲು ಹಿಂಜರಿಯುತ್ತಿದ್ದವರು ಟಿಪ್ಪುವಿನ ಒಬ್ಬ ಅಧಿಕಾರಿಯ ಕರುಣೆಯನ್ನು ಬರೆದಿಡಬೇಕಾಯಿತು.

ಬದ್ರ್ ಯುದ್ಧದ ಕೈದಿಗಳನ್ನು ಪ್ರವಾದಿವರ್ಯರು(ಸ) ಸಹಾಬಿಗಳ ಮನೆಗಳಿಗೆ ಹಂಚಿದಾಗ, ಆ ಮನೆಯವರು ರೊಟ್ಟಿಯನ್ನು ಕೈದಿಗಳಿಗೆ ಕೊಟ್ಟು ತಾವು ಖರ್ಜೂರ ತಿಂದು ದಿನ ಕಳೆದುದನ್ನು ನಾವೆಲ್ಲ ಓದಿದ್ದೇವೆ. ಆ ಪರಂಪರೆಯ ಒಬ್ಬ ಸೈನಿಕ ನಮ್ಮ ಊರಿನ ಮಣ್ಣಿನಲ್ಲೇ ಮಲಗಿದ್ದಾರೆ. 2015ರಿಂದ ಕೆಲವು ವರ್ಷ ಸರಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ರದ್ದುಪಡಿಸಿತು. ಆಗ ನಾವು ಎಷ್ಟು ಸಭೆ ನಡೆಸಿದೆವು, ಎಷ್ಟು ಬ್ಯಾನರ್ ಕಟ್ಟಿದೆವು! ಆ ಗದ್ದಲದಲ್ಲಿ ಸೈಯದ್ ಇಬ್ರಾಹೀಮರ ಹೆಸರನ್ನು ನಾವು ಒಂದು ಬಾರಿಯೂ ಕೇಳಲಿಲ್ಲ. ಕೂಗುವುದಕ್ಕೆ ಘೋಷಣೆ ಬೇಕು. ಕರುಣೆಯಿಂದ ಘೋಷಣೆ ಹುಟ್ಟುವುದಿಲ್ಲವೆಂದು ಕಾಣುತ್ತದೆ.

ಆದರೆ ಗೋರಿಗೂ ಒಂದು ಮಿತಿಯಿದೆ. ಅದು ಹೆಸರನ್ನು ಕಾಪಾಡುತ್ತದೆ, ಮನೆಯನ್ನು ಕಾಪಾಡುವುದಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಅದೂ ಒಂದು. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕುದುರೆಯೇರಿದ್ದ ದಳ ಅದು. ಎದುರಿಗಿದ್ದುದು ಉಸ್ಮಾನಿ ಖಲೀಫರ ಸೇನೆ. ಆ ಸವಾರರ ಅಂತರಂಗದಲ್ಲಿ ಅಂದು ಏನು ನಡೆದಿರಬಹುದು? ಅವರ ಹೆಂಡತಿ ಮಕ್ಕಳ ಪಾಡೇನಾಯಿತು? ಕಲ್ಲು ಹೇಳುವುದಿಲ್ಲ.

ಈಗ ನಾವು ಹೇಳಬೇಕೆಂದಿರುವ ವಿಷಯಕ್ಕೆ ಬರೋಣ. ಸ್ವತಂತ್ರ ಭಾರತದಲ್ಲಿ ನಮಗೆ ತೀರ ಪರಿಚಿತವಾದ ಒಬ್ಬ ಸೈನಿಕನ ಹೆಸರಿದೆ: ವೀರ ಅಬ್ದುಲ್ ಹಮೀದ್. ನಮ್ಮ ದೇಶಪ್ರೇಮವನ್ನು ಯಾರಾದರೂ ಪ್ರಶ್ನಿಸಿದಾಗಲೆಲ್ಲ ನಾವು ಆ ಹೆಸರನ್ನು ಕಿಸೆಯಿಂದ ತೆಗೆದು ತೋರಿಸುತ್ತೇವೆ. ಅದು ಸಾಲದಿದ್ದರೆ ಬ್ರಿಗೇಡಿಯರ್ ಉಸ್ಮಾನರ ಹೆಸರನ್ನೂ ಸೇರಿಸುತ್ತೇವೆ. ಚುನಾವಣೆ ಬಂದಾಗ, ಗಲಭೆಯಾದಾಗ, ಕ್ರಿಕೆಟ್ ಪಂದ್ಯ ನಡೆದಾಗ ಕೂಡ! ಕೇಳುವವರ ಧೋರಣೆ ತಪ್ಪು, ಅದರಲ್ಲಿ ಸಂದೇಹವಿಲ್ಲ. ಈ ದೇಶದ ಪ್ರಜೆ ತನ್ನ ನಿಷ್ಠೆಗೆ ದಿನಬೆಳಗಾದರೆ ಪ್ರಮಾಣ ಪತ್ರ ಒಪ್ಪಿಸಬೇಕಾಗಿಲ್ಲ. ಆದರೆ ಕೊಡುವ ನಾವೂ ಯೋಚಿಸಬೇಕು. ಒಬ್ಬ ಮನುಷ್ಯನನ್ನು ಪ್ರಮಾಣ ಪತ್ರವಾಗಿ ಬಳಸತೊಡಗಿದ ಬಳಿಕ ಆ ಮನುಷ್ಯನೇ ಕಾಣೆಯಾಗುತ್ತಾನೆ. ಅಬ್ದುಲ್ ಹಮೀದರ ತಂದೆ ಏನು ಕೆಲಸ ಮಾಡುತ್ತಿದ್ದರು? ಅವರಿಗೆ ಎಷ್ಟು ಮಕ್ಕಳು? ನಮ್ಮ ಯುವಕರನ್ನು ಕೇಳಿ ನೋಡಿ.

ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಧಾಮೂಪುರ ಎಂಬ ಹಳ್ಳಿಯಲ್ಲಿ 1933ರ ಜುಲೈ 1ರಂದು ಅವರು ಜನಿಸಿದರು. ತಂದೆ ದರ್ಜಿ. ಹುಡುಗನೂ ಹೊಲಿಗೆಯಲ್ಲಿ ಕೈಜೋಡಿಸಿದ್ದ. ನಮ್ಮ ಈ ಊರುಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲೂ, ಆಲೆ ಮರದ ಬೊಂಬೆ ಕಡೆಯುವ ಮನೆಗಳಲ್ಲೂ ಮಕ್ಕಳು ತಂದೆಯ ಪಕ್ಕದಲ್ಲಿ ಕುಳಿತು ಕಸುಬು ಕಲಿಯುವ ಹಾಗೆಯೇ. 1954ರ ಡಿಸೆಂಬರ್ 27ರಂದು ಸೇನೆಗೆ ಸೇರಿದರು. ಗ್ರೆನೇಡಿಯರ್ಸ್‌ನ ನಾಲ್ಕನೇ ಬೆಟಾಲಿಯನ್. 1962ರ ಚೀನಾ ಯುದ್ಧವನ್ನು ಕಂಡರು. 1965ರ ಸೆಪ್ಟೆಂಬರಿನಲ್ಲಿ ಅವರ ಹುದ್ದೆ ಕಂಪೆನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಕಂಪೆನಿಯ ಸಾಮಾನು ಸರಂಜಾಮುಗಳ ಹೊಣೆ ಹೊರುವ ಹುದ್ದೆ ಅದು. ಮನೆಯ ಯಜಮಾನಿಕೆಗೆ ಹತ್ತಿರದ ಕೆಲಸವೆನ್ನಬಹುದು. ಪಂಜಾಬಿನ ಖೇಮಕರಣ ವಲಯದ ಚೀಮಾ ಗ್ರಾಮದ ಬಳಿ, ಜೀಪಿನ ಮೇಲೆ ಜೋಡಿಸಿದ ಟ್ಯಾಂಕು ನಿರೋಧಕ ತೋಪಿನಿಂದ ಒಂದರ ಹಿಂದೊಂದರಂತೆ ಹಲವು ಪ್ಯಾಟನ್ ಟ್ಯಾಂಕುಗಳನ್ನು ನಾಶಪಡಿಸಿ, ಸೆಪ್ಟೆಂಬರ್ 10ರಂದು ಅವರು ಹುತಾತ್ಮರಾದರು. ವಯಸ್ಸು ಮೂವತ್ತೆರಡು. ಪರಮವೀರ ಚಕ್ರ, ಅಂಚೆ ಚೀಟಿ, ದೂರದರ್ಶನದ ಧಾರಾವಾಹಿ ಇವೆಲ್ಲ ಆ ಬಳಿಕ ಬಂದವು.

ಮನೆಯಲ್ಲಿ ರಸೂಲನ್ ಬೀಬಿ ಇದ್ದರು, ಐವರು ಮಕ್ಕಳಿದ್ದರು. 1966ರ ಜನವರಿ 26ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಪದಕವನ್ನು ಪಡೆದವರು ಆ ತಾಯಿ. ಪಟದಲ್ಲಿ ನಾವು ನೋಡುವುದು ಆ ಒಂದು ಕ್ಷಣವನ್ನು. ಅವರು ತೀರಿಕೊಂಡದ್ದು 2019ರ ಆಗಸ್ಟ್ 2ರಂದು. ಲೆಕ್ಕ ಹಾಕಿ, ಐವತ್ತನಾಲ್ಕು ವರ್ಷಗಳಿಗೆ ತುಸು ಕಡಿಮೆ. ಗಂಡ ಬದುಕಿದ್ದ ಒಟ್ಟು ಆಯುಷ್ಯಕ್ಕಿಂತ ಹೆಚ್ಚು ಕಾಲ ಅವರು ವಿಧವೆಯಾಗಿ ಬದುಕಿದರು. ಗಂಡನದು ಯುದ್ಧ ಕೆಲವು ದಿನಗಳದ್ದು. ಹೆಂಡತಿಯದು?

ಇಸ್ಲಾಮಿನ ಇತಿಹಾಸ ಈ ಪ್ರಶ್ನೆಯನ್ನು ಮರೆತಿಲ್ಲ. ಮದ್ರಸದಲ್ಲಿ ಕಲಿತ ನಮಗೆ ಹಿಜರಿ ಎಂಟನೇ ವರ್ಷದ ಮುಅ್‌ತಾ ಯುದ್ಧದ ಮೂವರು ಸೇನಾಪತಿಗಳ ಹೆಸರು ಕಂಠಪಾಠವಾಗಿತ್ತು: ಝೈದ್ ಬಿನ್ ಹಾರಿಸಾ, ಜಅ್‌ಫರ್ ಬಿನ್ ಅಬೀ ತಾಲಿಬ್, ಅಬ್ದುಲ್ಲಾ ಬಿನ್ ರವಾಹಾ(ರ). ಜಅ್‌ಫರರ(ರ) ಎರಡೂ ಕೈಗಳು ಕತ್ತರಿಸಲ್ಪಟ್ಟ ವಿವರವನ್ನು ನಾವು ರೋಮಾಂಚನಗೊಂಡು ಹೇಳುತ್ತೇವೆ. ಆದರೆ ಅದೇ ವರದಿಗಳು ಮುಂದುವರಿದು ಮದೀನಾದ ಒಂದು ಮನೆಯೊಳಗೆ ಹೋಗುತ್ತವೆ. ಅಲ್ಲಿ ಅವರ ಪತ್ನಿ ಅಸ್ಮಾ ಬಿಂತಿ ಉಮೈಸ್(ರ) ಹಿಟ್ಟು ನಾದಿಟ್ಟು, ಮಕ್ಕಳಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ ಸಿದ್ಧಗೊಳಿಸಿದ್ದರು. ಪ್ರವಾದಿವರ್ಯರು(ಸ) ಬಂದರು. ಮಕ್ಕಳನ್ನು ಕರೆಯಲು ಹೇಳಿದರು. ಅವರನ್ನು ಎದೆಗಪ್ಪಿಕೊಂಡರು, ಕಣ್ಣುಗಳಿಂದ ನೀರು ಇಳಿಯಿತು. ಆ ಕಣ್ಣೀರಿನಿಂದಲೇ ಅಸ್ಮಾರಿಗೆ(ರ) ಸುದ್ದಿ ತಿಳಿಯಿತು.

ಆ ಬಳಿಕ ಪ್ರವಾದಿವರ್ಯರು(ಸ) ಮಾಡಿದ ಮೊದಲ ವ್ಯವಸ್ಥೆ ಯಾವುದು? ಜಅ್‌ಫರರ ಮನೆಯವರಿಗೆ ಅಡುಗೆ ಮಾಡಿ ಕಳುಹಿಸಿ, ಅವರು ದುಃಖದಲ್ಲಿದ್ದಾರೆ ಎಂದು ತಮ್ಮ ಮನೆಯವರಿಗೆ ತಿಳಿಸಿದರು. ಮೂರು ದಿನಗಳ ತರುವಾಯ ಮತ್ತೆ ಬಂದು, ಕ್ಷೌರಿಕನನ್ನು ಕರೆಸಿ ಆ ಹುಡುಗರ ತಲೆಗೂದಲು ತೆಗೆಸಿದರು. ಮಕ್ಕಳ ತಬ್ಬಲಿತನವನ್ನು ತಾಯಿ ಪ್ರಸ್ತಾಪಿಸಿದಾಗ, ಇಹದಲ್ಲೂ ಪರದಲ್ಲೂ ಇವರಿಗೆ ನಾನು ಪೋಷಕನಿರುವಾಗ ಬಡತನದ ಭಯವೇಕೆ ಎಂಬರ್ಥದ ಸಾಂತ್ವನ ನೀಡಿದರು. ಮುಂದೆ ಅಸ್ಮಾರನ್ನು(ರ) ಹಝ್ರತ್ ಅಬೂಬಕರ್(ರ) ವಿವಾಹವಾದರು. ಅವರ ನಿಧನದ ಬಳಿಕ ಹಝ್ರತ್ ಅಲಿ(ರ) ವಿವಾಹವಾದರು. ಮಡಿದ ಯೋಧನ ಪತ್ನಿಯನ್ನು ಮೂಲೆಯಲ್ಲಿ ಕೂರಿಸಿದ ಸಮಾಜವಲ್ಲ ಅದು.

ಈಗ ನಮ್ಮ ಮಹಲ್ಲಾಗಳತ್ತ ನೋಡೋಣ. ಮನೆಯ ಯಜಮಾನ ತೀರಿಕೊಂಡರೆ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಚಾಲೀಸ್ವಾ. ದೇಗಿನಲ್ಲಿ ಬಿರಿಯಾನಿ ಬೇಯಬೇಕು, ನೆಂಟರಿಷ್ಟರು ಉಣ್ಣಬೇಕು. ಪ್ರವಾದಿವರ್ಯರು(ಸ) ದುಃಖದ ಮನೆಗೆ ಅನ್ನ ಕಳುಹಿಸಲು ಹೇಳಿದರು, ನಾವು ದುಃಖದ ಮನೆಯಿಂದಲೇ ಅನ್ನ ಕಿತ್ತು ತಿನ್ನುತ್ತೇವೆ. ಗೂಡಿನ ಮಾರುಕಟ್ಟೆಯಲ್ಲಿ ಧಾರಣೆ ಏರಿದ ದಿನ ಗೂಡು ಕೊಳ್ಳಲು ಹಣ ಹೊಂದಿಸಲಾಗದೆ ತಡವರಿಸುವ ಸಣ್ಣ ರೀಲರ್‌ನ ವಿಧವೆ ಕೂಡ, ಜನ ಏನೆಂದಾರೋ ಎಂದು ಸಾಲ ಮಾಡಿ ಈ ಊಟ ಹಾಕುತ್ತಾಳೆ. ಶಹೀದನ ಎಲ್ಲ ಪಾಪಗಳೂ ಕ್ಷಮಿಸಲ್ಪಡುತ್ತವೆ, ಸಾಲ ಮಾತ್ರ ಉಳಿಯುತ್ತದೆ ಎಂದು ಹದೀಸ್‌ನಲ್ಲಿದೆ. ಪ್ರಾಣ ಕೊಟ್ಟವನಿಗೇ ಈ ನಿಯಮವಾದರೆ, ಹಾಸಿಗೆಯ ಮೇಲೆ ಸತ್ತವನ ಹೆಸರಿನಲ್ಲಿ ಹೊಸ ಸಾಲ ಮಾಡುವುದು ಯಾವ ಧರ್ಮ?

ಸಾಲ ಎಂದಾಗ ಅಂಗಡಿಯ ಬಾಕಿ ಮಾತ್ರ ನೆನಪಾಗುತ್ತದೆ. ನಿಕಾಹ್‌ನ ದಿನ ಬರೆಸಿ, ಕೊಡದೆ ಉಳಿಸಿಕೊಂಡ ಮಹ್ರ್ ಕೂಡ ಸಾಲವೇ. ಜನಾಝದ ಬಳಿ ಕುಳಿತ ಹೆಂಗಸಿನಿಂದ ಮಾಫಿ ಹೇಳಿಸಿಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಆ ಗಳಿಗೆಯಲ್ಲಿ ಆಕೆ ಬೇರೇನು ಹೇಳಿಯಾಳು? ಸಾಲ ಮತ್ತು ವಸಿಯ್ಯತ್ ತೀರಿದ ಬಳಿಕವೇ ಆಸ್ತಿ ಹಂಚಬೇಕೆಂದು ಕುರ್‌ಆನ್ ಆದೇಶಿಸಿದೆ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು, ಹೆಣ್ಣುಮಕ್ಕಳಿಗೆ ನಿಶ್ಚಿತ ಪಾಲು ಎಂದೂ ನಿಗದಿಪಡಿಸಿದೆ. ತಂದೆಯ ಚರಕ, ಲೇತ್, ಮನೆ ಇವೆಲ್ಲ ಗಂಡುಮಕ್ಕಳಿಗೆ ಹೋಗಿ, ಮಗಳಿಗೆ ಹಬ್ಬದ ಸೀರೆಯೊಂದು ಉಳಿಯುವುದಾದರೆ ಅದನ್ನು ಶರೀಅತ್ ಎಂದು ಕರೆಯಬೇಡಿ.

ಸೇನೆಯಲ್ಲಿದ್ದವರ ಮನೆಯವರಿಗೆ ಒಂದು ಲೌಕಿಕ ಮಾತು. ನಿವೃತ್ತರ ಡಿಸ್ಚಾರ್ಜ್ ಬುಕ್ಕನ್ನು ಇಂದೇ ತೆರೆದು ನೋಡಿ. ಅದರಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇದ್ದರೆ ಕುಟುಂಬ ಪಿಂಚಣಿಗೆ ಅಲೆಯಬೇಕಾಗುತ್ತದೆ. ಬೇಗಂ, ಬೀ, ಬೀಬಿ, ಬಾನು ಎಂದು ನಮ್ಮ ಹೆಸರುಗಳ ಬಾಲ ಬದಲಾಗುತ್ತಲೇ ಇರುತ್ತದಲ್ಲವೇ! ಯಜಮಾನರು ಬದುಕಿರುವಾಗಲೇ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ. ಓದುಬರಹ ಬಲ್ಲ ಯುವಕರು ಮಸೀದಿ ಸಮಿತಿಯ ಮೂಲಕ ತಮ್ಮ ಮಹಲ್ಲಾದಲ್ಲಿ ಅಂತಹ ಮನೆಗಳೆಷ್ಟಿವೆ ಎಂದು ಪಟ್ಟಿ ಮಾಡಿ ಜೊತೆಯಲ್ಲಿ ಹೋಗಿಬರಲಿ. ಒಂದು ಶುಕ್ರವಾರದ ಮಧ್ಯಾಹ್ನದಿಂದ ಆರಂಭಿಸಬಹುದಾದ ಕೆಲಸವಿದು.

ರಸೂಲನ್ ಬೀಬಿಯವರ ವಿಷಯ ಅರ್ಧಕ್ಕೆ ನಿಲ್ಲಿಸಿದ್ದೆವು. ಅವರು ತೀರ ವೃದ್ಧಾಪ್ಯದಲ್ಲಿ ಸೇನಾ ಮುಖ್ಯಸ್ಥರನ್ನು ಭೇಟಿಯಾಗಿ, ಗಂಡ ಹುತಾತ್ಮರಾದ ದಿನ ತಮ್ಮ ಹಳ್ಳಿಗೆ ಒಮ್ಮೆ ಬರಬೇಕೆಂದು ಕೋರಿದರು. 2017ರ ಸೆಪ್ಟೆಂಬರ್ 10ರಂದು ಜನರಲ್ ಬಿಪಿನ್ ರಾವತ್ ಧಾಮೂಪುರಕ್ಕೆ ಬಂದರು, ಸ್ಮಾರಕಕ್ಕೆ ಗೌರವ ಸಲ್ಲಿಸಿದರು. ಐವತ್ತೆರಡು ವರ್ಷಗಳ ಬಳಿಕ, ಪತಿಯ ಹೆಸರಿನಲ್ಲಿ ಆ ವೃದ್ಧೆ ಕೇಳಿದ್ದು ಮನೆಬಾಗಿಲಿಗೆ ಒಂದು ಭೇಟಿಯನ್ನು. ಅಲ್ಲಾಹನು ಆ ದಂಪತಿಯನ್ನು ತನ್ನ ಕರುಣೆಯ ನೆರಳಿನಲ್ಲಿ ಒಂದುಗೂಡಿಸಲಿ.